ನಾಲ್ವರು ಮರ್ಫಿಗಳು, ನಿಮ್ಮ ಅಪ್ಪನ ಹೆಸರು

ಐರ್ಲೆಂಡಿನ ಕಾರ್ಕ್ ನಗರಕ್ಕೆ ಬಂದು ಮೂರು ವಾರವಾಯಿತು, ಕಚೇರಿಯಲ್ಲಿ ನಾಲ್ವರು ಮರ್ಫಿಗಳಿದ್ದಾರೆ, ಇವರೆಲ್ಲ ದಾಯಾದಿಗಳೇ, ಯಾರನ್ನು ಹೇಗೆ ಕರೆಯಬೇಕು ಎಂದು ಕೇಳಿದ್ದೀರಿ. ಹದಿನಾರು ವರ್ಷಗಳ ಹಿಂದೆ ನನಗೂ ಇದೇ ಗೊಂದಲವಿತ್ತು. ಒಬ್ಬ ಮರ್ಫಿಯ ಬಳಿ ಹೋಗಿ, ಇನ್ನೊಬ್ಬ ಮರ್ಫಿಯನ್ನು ಕುರಿತು 'ನಿಮ್ಮ ಅಣ್ಣ ಇಂದು ಬಂದಿಲ್ಲವೇ?' ಎಂದು ವಿಚಾರಿಸಿದ್ದೆ. ಅವರಿಬ್ಬರು ಮಾತು ಬಿಟ್ಟು ಎರಡು ವರ್ಷವಾಗಿತ್ತು.

ದಾಯಾದಿಗಳಲ್ಲ. ಐರ್ಲೆಂಡಿನಲ್ಲಿ ಅತಿ ಹೆಚ್ಚು ಜನರಿಗಿರುವ ಕುಲನಾಮ ಮರ್ಫಿ. ನಮ್ಮಲ್ಲಿ ಪಾಟೀಲರೆಲ್ಲ ಒಂದೇ ಮನೆಯವರಲ್ಲವಲ್ಲ, ಹಾಗೆ. ಮೂಲ ಐರಿಷ್ ರೂಪದ ಉಚ್ಚಾರ ಹೆಚ್ಚುಕಡಿಮೆ 'ಓ ಮುರಖೂ'. (ನಮ್ಮ ಕಿವಿಗೆ ಅದು ಏನೆಂದು ಕೇಳಿಸುತ್ತದೆ ಎಂಬುದನ್ನು ದಯವಿಟ್ಟು ಅವರಿಗೆ ಹೇಳಬೇಡಿ.) 'ಓ' ಎಂದರೆ ಮೊಮ್ಮಗ, ಇನ್ನುಳಿದದ್ದಕ್ಕೆ ಕಡಲ ಯೋಧ ಎಂಬ ಅರ್ಥ. ಆ ಹೆಸರಿನ ಪೂರ್ವಜರು ಬೇರೆ ಬೇರೆ ಸೀಮೆಗಳಲ್ಲಿದ್ದುದರಿಂದ ಕಾರ್ಕ್‌ನ ಮರ್ಫಿಗೂ ವೆಕ್ಸ್‌ಫರ್ಡ್‌ನ ಮರ್ಫಿಗೂ ನಂಟಿರಬೇಕೆಂದಿಲ್ಲ. ಹಳ್ಳಿಗಳಲ್ಲಿ ಕೂದಲಿನ ಬಣ್ಣ, ಅಜ್ಜನ ಹೆಸರು ಹಿಡಿದು ಮನೆಗಳನ್ನು ಗುರುತಿಸುತ್ತಾರೆ.

ಕರೆಯುವುದಕ್ಕೆ ಮೊದಲ ಹೆಸರು ಸಾಕು, ಮೇಲಧಿಕಾರಿಗೂ ಸಾಕು. ನನ್ನ ನಾಲಿಗೆಯಿಂದ 'ಸರ್' ಉದುರಲು ಒಂದು ವರ್ಷ ಹಿಡಿಯಿತು.

ಅವರ ಹೆಸರಿಗಿಂತ ನಿಮ್ಮ ಹೆಸರಿನ ಬಗ್ಗೆ ಎಚ್ಚರವಿರಲಿ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗದಲ್ಲಿ ಅಪ್ಪನ ಹೆಸರಿದ್ದರೆ ಇಲ್ಲಿ ನೀವು ಅಪ್ಪನೇ ಆಗುತ್ತೀರಿ. ಒಂದು ಆಸ್ಪತ್ರೆಯಲ್ಲಿ ನನ್ನ ತಂದೆಯ ಹೆಸರನ್ನು ಮೂರು ಸಲ ಕೂಗಿದರು. ನಾನು ಪಾಪ, ಯಾರೋ ಕನ್ನಡಿಗರಿರಬೇಕೆಂದು ಸುತ್ತ ನೋಡುತ್ತಿದ್ದೆ. ಬ್ಯಾಂಕ್, ಪಿಪಿಎಸ್ ಸಂಖ್ಯೆ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಬಾಡಿಗೆ ಕರಾರು ಎಲ್ಲದರಲ್ಲೂ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಇನಿಷಿಯಲ್ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಮಾತಿಗೆ ಎಳೆ ಬೇಕಾದರೆ ಮರ್ಫಿಗಳೇ ಒದಗಿಸುತ್ತಾರೆ. ಓಪನ್‌ಹೈಮರ್ ಪಾತ್ರಕ್ಕೆ 2024ರಲ್ಲಿ ಆಸ್ಕರ್ ಪಡೆದ ಕಿಲಿಯನ್ ಮರ್ಫಿ ಇದೇ ಕಾರ್ಕ್‌ನವರು. 'ಸಿಲಿಯನ್' ಎಂದು ಓದಿ ನಗೆಪಾಟಲಾಗಬೇಡಿ. 1913ರಲ್ಲಿ ಡಬ್ಲಿನ್‌ನ ಕಾರ್ಮಿಕರಿಗೆ ಬೀಗಮುದ್ರೆ ಹಾಕಿಸಿದ ಉದ್ಯಮಿ ವಿಲಿಯಂ ಮಾರ್ಟಿನ್ ಮರ್ಫಿಯ ಹೆಸರನ್ನು ಕಾರ್ಮಿಕ ಸಂಘದವರ ಮುಂದೆ ಎತ್ತದಿದ್ದರೆ ಒಳಿತು. ನಮ್ಮ ಅಜ್ಜಂದಿರ ಮರ್ಫಿ ರೇಡಿಯೊ ಇಂಗ್ಲೆಂಡಿನಲ್ಲಿ ಶುರುವಾದ ಕಂಪನಿಯದು, ಆ ಹೆಮ್ಮೆ ಇವರಿಗೆ ಸಲ್ಲದು.

ನನಗೆ ಎಲ್ಲರಿಗಿಂತ ಹತ್ತಿರದವರು ಪ್ರವಾಸ ಲೇಖಕಿ ಡರ್ವ್ಲಾ ಮರ್ಫಿ. ಪಕ್ಕದ ವಾಟರ್‌ಫರ್ಡ್ ಕೌಂಟಿಯ ಲಿಸ್ಮೋರ್‌ನವರು. ಹತ್ತನೆಯ ಹುಟ್ಟುಹಬ್ಬಕ್ಕೆ ಸೈಕಲ್ಲು, ಅಟ್ಲಾಸು ಸಿಕ್ಕಾಗಲೇ ಭಾರತಕ್ಕೆ ತುಳಿಯುವುದೆಂದು ನಿಶ್ಚಯಿಸಿ, 1963ರ ಕಡುಚಳಿಯಲ್ಲಿ ಒಬ್ಬರೇ ಹೊರಟು ದೆಹಲಿ ಮುಟ್ಟಿದವರು. ಹತ್ತು ವರ್ಷಗಳ ನಂತರ ಪುಟ್ಟ ಮಗಳ ಕೈ ಹಿಡಿದು ನಮ್ಮ ಕೊಡಗಿಗೇ ಬಂದರು, ಅಲ್ಲಿ ಬಿಡಾರ ಹೂಡಿದರು, ಅದನ್ನೇ ಪುಸ್ತಕವಾಗಿಸಿದರು. 2022ರಲ್ಲಿ ಲಿಸ್ಮೋರ್‌ನಲ್ಲೇ ತೀರಿಕೊಂಡರು. ನಾನು ವಿರಾಜಪೇಟೆಯವನೆಂದು ಹೇಳಿದಾಗ, ಅಂದು ಮಾತು ಬಿಟ್ಟಿದ್ದ ಇಬ್ಬರಲ್ಲಿ ಒಬ್ಬ ಮರ್ಫಿ ಆ ಪುಸ್ತಕವನ್ನು ಮನೆಯಿಂದ ತಂದುಕೊಟ್ಟ. ಇನ್ನೂ ಹಿಂತಿರುಗಿಸಿಲ್ಲ; ನಿಮಗೆ ಬೇಕಿದ್ದರೆ ಶನಿವಾರ ಊಟಕ್ಕೆ ಬಂದು ಒಯ್ಯಿರಿ.