ಥಂಕಾದ ಬೆನ್ನ ಮೇಲಿನ ಮೂರು ಅಕ್ಷರ

ಬೈಲಕುಪ್ಪೆಯಿಂದ ತಂದ ಥಂಕಾದ, ಅಂದರೆ ಹಸಿರು ತಾರೆ ಅನ್ನುವ ಬೌದ್ಧ ದೇವಿಯನ್ನು ಬಟ್ಟೆಯ ಮೇಲೆ ಬರೆದ ಟಿಬೆಟನ್ ಚಿತ್ರದ, ಹಿಂದೆ ಕೆಂಪು ಬಣ್ಣದಲ್ಲಿ ಮೂರು ಅಕ್ಷರ ಇವೆ, ಅದು ಅಂಗಡಿಯವರ ಗುರುತಾ, ಹಿಂದೆ ರಟ್ಟು ಅಂಟಿಸಿ ಫ್ರೇಮ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ರಟ್ಟು ಅಂಟಿಸಬೇಡಿ. ಅದು ಅಂಗಡಿ ಗುರುತಲ್ಲ, ಮಂತ್ರ.

ಥಂಕಾಗಳ ಹಿಂದೆ ಸಾಮಾನ್ಯವಾಗಿ ಬರೆಯುವ ಮೂರು ಅಕ್ಷರ ಓಂ, ಆಃ, ಹೂಂ. ಲಿಪಿ ಟಿಬೆಟ್‌ನದು, ಮಂತ್ರ ಸಂಸ್ಕೃತದ್ದು. ನಮ್ಮ ಮನೆಯಲ್ಲೂ ಒಂದು ತಾರೆ ಇದೆ. ಒಂದು ದಿನ ಬೆಳಿಗ್ಗೆ ಅದರ ಬೆನ್ನು ನನ್ನ ಕಡೆ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಬಟ್ಟೆಯಲ್ಲಿ ತಾರೆಯ ಆಕಾರ ನೆರಳಿನ ಹಾಗೆ ಮೂಡಿತು. ಓಂ ಅವಳ ಹಣೆಗೆ ಸರಿಯಾಗಿ, ಆಃ ಗಂಟಲಿಗೆ, ಹೂಂ ಎದೆಗೆ. ಒಂದು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮೈ ಜುಮ್ಮೆಂದಿತು. ನೀವೂ ಒಮ್ಮೆ ಹಾಗೆ ಹಿಡಿದು ನೋಡಿ.

ಹಣೆ ಅಂದರೆ ಕಾಯ, ಗಂಟಲು ಮಾತು, ಎದೆ ಮನಸ್ಸು. ಅಕ್ಷರ ಬರೆದು, ಲಾಮಾ ಒಬ್ಬರು ವಿಧಿ ನಡೆಸಿದ ಮೇಲೆ ಅದು ಬರೀ ಚಿತ್ರವಲ್ಲ, ತಾರೆ ನೆಲೆಸಿದ ಜಾಗ. ಆ ವಿಧಿಗೆ ರಬ್ನೆ ಅನ್ನುತ್ತಾರೆ. ನಮ್ಮ ಪ್ರಾಣಪ್ರತಿಷ್ಠೆ ಇದೆಯಲ್ಲ, ಹೆಚ್ಚುಕಡಿಮೆ ಹಾಗೇ. ಕಣ್ಣು ಬರೆಯುವುದೂ ಕೊನೆಗೇ, ನಮ್ಮ ಶಿಲ್ಪಿಗಳು ವಿಗ್ರಹಕ್ಕೆ ಕಣ್ಣು ತೆರೆಸುವ ಹಾಗೆ. ಆದರೆ ಅಂಗಡಿಯಲ್ಲಿ ಕೊಂಡದ್ದಕ್ಕೆ ರಬ್ನೆ ಆಗಿರಲೇಬೇಕು ಅಂತೇನಿಲ್ಲ. ಮುಂದಿನ ಸಲ ಬೈಲಕುಪ್ಪೆಗೆ ಹೋದಾಗ ಜೊತೆಗೆ ಒಯ್ದು ಮಠದಲ್ಲಿ ವಿಚಾರಿಸಿ.

ಹಾಗೇ ಮುಂದಿನ ಭಾಗವನ್ನೂ ಹತ್ತಿರದಿಂದ ನೋಡಿ. ತಾರೆಯ ಎಡಗಾಲು ಮಡಿಸಿದೆ. ಬಲಗಾಲು ಮಾತ್ರ ಕೆಳಗಿಳಿದು ಒಂದು ಪುಟ್ಟ ಕಮಲದ ಮೇಲೆ ಊರಿದೆ, ಅಲ್ವಾ? ಯಾರಾದರೂ ಕಷ್ಟದಲ್ಲಿ ಕೂಗಿದರೆ ತಕ್ಷಣ ಎದ್ದು ಬರಲು ಅವಳು ಹಾಗೆ ಸಿದ್ಧವಾಗಿ ಕೂತಿರುವುದು. ನನಗೆ ಇಡೀ ಚಿತ್ರದಲ್ಲಿ ಜಾಸ್ತಿ ಇಷ್ಟ ಆ ಪಾದವೇ.

ಇನ್ನು ಫ್ರೇಮ್ ವಿಷಯ. ಥಂಕಾದ ಬಟ್ಟೆಗೆ ಸೀಮೆಸುಣ್ಣದಂಥ ಬಿಳಿ ಪುಡಿಯನ್ನು ಚರ್ಮದ ಅಂಟಿನಲ್ಲಿ ಕಲಸಿ ಬಳಿದು, ನುಣುಪಾಗುವ ತನಕ ಉಜ್ಜಿ, ಅದರ ಮೇಲೆ ಬಣ್ಣ ಹಾಕಿರುತ್ತಾರೆ. ಹಾಗಾಗಿ ಅದಕ್ಕೆ ತೇವ ಒಗ್ಗುವುದಿಲ್ಲ. ಗಾಜಿಗೆ ತಾಗಿಸಿ ಬಿಗಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಸುತ್ತಲಿನ ರೇಷ್ಮೆ ಅಂಚನ್ನು ಮಾತ್ರ ಕತ್ತರಿಸಬೇಡಿ. ಕೆಳಗಿನ ಕೋಲಿನ ಭಾರಕ್ಕೆ ಅದು ತಾನೇ ನೆಟ್ಟಗೆ ನಿಲ್ಲುತ್ತದೆ. ಬಿಸಿಲು ಬೀಳದ ಒಣ ಗೋಡೆಗೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಸುಮ್ನೆ ಹಾಗೇ ತೂಗುಹಾಕಿ.