ಸಿಒಪಿಡಿ ಇರುವ ಅಪ್ಪನಿಗೆ ಈಗ ಕುರ್ಚಿಯಿಂದ ಏಳುವುದೂ ಕಷ್ಟ. ವಿಶ್ರಾಂತಿ ಕೊಡಿಸಬೇಕೇ, ನಡೆಸಬೇಕೇ?

ನೀವು ಬರೆದಿರುವುದಿಷ್ಟು: ತಂದೆಯವರಿಗೆ 71 ವರ್ಷ, ತೂಕ 48 ಕಿಲೋ. ಹರೆಯದಿಂದಲೂ ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರು. ಮನೆ ಡೊಂಬಿವಲಿಯಲ್ಲಿ, ಲಿಫ್ಟ್ ಇಲ್ಲದ ಬಿಲ್ಡಿಂಗಿನ ಮೂರನೇ ಮಹಡಿ. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದೆ, ಈ ವರ್ಷದ ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ಹೋದ ವರ್ಷದಷ್ಟೇ ಬಂದಿದೆ. ಆದರೂ ಕುರ್ಚಿಯ ಕೈ ಹಿಡಿಯದೆ ಏಳಲಾಗುತ್ತಿಲ್ಲ, ಸ್ನಾನ ಮುಗಿಸಿ ಬಂದರೆ ಅರ್ಧ ಗಂಟೆ ಮಲಗಬೇಕು. ಡಾಕ್ಟರು ಚೀಟಿಯಲ್ಲಿ ‘ಫ್ರೇಲ್’, ಅಂದರೆ ಮೈಬಲ ಕುಂದಿ ನಿಶ್ಶಕ್ತರಾಗಿದ್ದಾರೆ ಎಂದು ಬರೆದಿದ್ದಾರೆ. ದಮ್ಮು ಹತ್ತದಿರಲಿ ಎಂದು ಊಟ, ನೀರು, ಪೇಪರ್ ಎಲ್ಲವನ್ನೂ ಮಂಚದ ಬಳಿಗೇ ಕೊಡುತ್ತಿದ್ದೀರಿ. ಇದು ಸರಿಯೇ ಎಂದು ಕೇಳಿದ್ದೀರಿ.

ಸರಿಯಲ್ಲ. ನಾನು ಮುಂಬಯಿಯಲ್ಲಿ ಶ್ವಾಸಕೋಶದ ಕಾಯಿಲೆಯವರಿಗೆ ವ್ಯಾಯಾಮ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ನೀವು ಅಕ್ಕರೆಯಿಂದ ಮಾಡುತ್ತಿದ್ದೀರಿ, ಅದರಲ್ಲಿ ಸಂಶಯವಿಲ್ಲ. ಆದರೆ ಸ್ಪೈರೊಮೆಟ್ರಿಯ ಅಂಕಿ ಕದಲದೆ ಮನುಷ್ಯ ಮಾತ್ರ ಕುಗ್ಗಿದ್ದರೆ ಮೊದಲು ನೋಡಬೇಕಾದದ್ದು ಕಾಲುಗಳನ್ನು, ಅದರಲ್ಲೂ ತೊಡೆಯನ್ನು.

ಸಿಒಪಿಡಿಯಲ್ಲಿ ಒಳಗೆ ಹೋದ ಗಾಳಿ ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರು ಶುರುವಾಗುತ್ತದೆ. ಬೇಗ ನಡೆದರೆ ಒಳಗೆ ಉಳಿಯುವ ಗಾಳಿ ಹೆಚ್ಚುತ್ತದೆ, ಎದೆ ಉಬ್ಬಿಕೊಂಡೇ ಇರುತ್ತದೆ, ಹೊಸ ಉಸಿರಿಗೆ ಜಾಗವಿರುವುದಿಲ್ಲ. ಆ ಸಂಕಟಕ್ಕೆ ಹೆದರಿ ಜನ ನಡೆಯುವುದನ್ನೇ ಬಿಡುತ್ತಾರೆ. ಬಳಸದ ತೊಡೆ ಸೊರಗುತ್ತದೆ. ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳುವ ಎಳೆಗಳೇ ಸ್ನಾಯುವಿನಲ್ಲಿ ಕಡಿಮೆಯಾಗುತ್ತವೆ. ಆಮೇಲೆ ಸಣ್ಣ ಕೆಲಸಕ್ಕೂ ಲ್ಯಾಕ್ಟಿಕ್ ಆಮ್ಲ ಬೇಗ ಸೇರುತ್ತದೆ, ಅದನ್ನು ನಿಭಾಯಿಸಲು ಇನ್ನೂ ಹೆಚ್ಚು ಉಸಿರು ಬೇಕಾಗುತ್ತದೆ. ಹೀಗೆ ಕಾಲು ಸೋತಷ್ಟೂ ದಮ್ಮು ಹೆಚ್ಚು, ದಮ್ಮು ಹೆಚ್ಚಿದಷ್ಟೂ ಓಡಾಟ ಕಡಿಮೆ. ಇದರ ಮೇಲೆ ಕಾಯಿಲೆಯ ಉರಿಯೂತ, ಪದೇ ಪದೇ ನುಂಗಿದ ಸ್ಟೀರಾಯ್ಡ್ ಮಾತ್ರೆ, ಸೇರದ ಊಟ ಬೇರೆ.

ಹಾಳಾದ ಶ್ವಾಸಕೋಶ ಮೊದಲಿನಂತಾಗುವುದಿಲ್ಲ, ಆದರೆ ತೊಡೆ ಈ ವಯಸ್ಸಿನಲ್ಲೂ ಬಲವಾಗುತ್ತದೆ. ಇದು ಬರೀ ಸಮಾಧಾನದ ಮಾತಲ್ಲ. ಲಂಡನ್ನಿನಲ್ಲಿ 816 ಸಿಒಪಿಡಿ ರೋಗಿಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ ಸುಮಾರು ಕಾಲು ಭಾಗ ಫ್ರೇಲ್ ಆಗಿದ್ದರು. ಅಂಥವರಲ್ಲಿ ವ್ಯಾಯಾಮದ ಕಾರ್ಯಕ್ರಮವನ್ನು ಪೂರ್ತಿ ಮುಗಿಸಿದವರ ಪೈಕಿ ಶೇ. 61 ಮಂದಿ ಕೊನೆಗೆ ಆ ಪಟ್ಟಿಯಿಂದಲೇ ಹೊರಬಂದರು. ಅರ್ಧಕ್ಕೇ ಬಿಟ್ಟವರೂ ಫ್ರೇಲ್ ಇದ್ದವರಲ್ಲೇ ಹೆಚ್ಚು. ಆದ್ದರಿಂದ ನಿಮ್ಮ ಮನೆಯೊಳಗೇ, ಅರ್ಧಕ್ಕೆ ಬಿಡದೆ ಮುಂದುವರಿಸಬಹುದಾದ ವ್ಯಾಯಾಮದ ವ್ಯವಸ್ಥೆ ಬೇಕು.

ಮೊದಲು ಅಳತೆ. ಒಂದು ಗಟ್ಟಿ ಕುರ್ಚಿ, ಟೇಪು, ಮೊಬೈಲಿನ ಸ್ಟಾಪ್‌ವಾಚ್ ಸಾಕು. ಸುಮಾರು 45 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. ಮೊದಲ ಸಲ ಏಳುವಾಗ ಗಡಿಯಾರ ಒತ್ತಿ, ಐದನೇ ಸಲ ನೆಟ್ಟಗೆ ನಿಂತಾಗ ನಿಲ್ಲಿಸಿ. ಏಷ್ಯಾದವರ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಶಕ್ತಿ ಕುಂದಿದೆ ಎಂದರ್ಥ. 16.7 ದಾಟಿದರೆ ತೀರಾ ಕೆಳಗಿನ ಮಟ್ಟ. ಕೈ ಊರದೆ ಒಂದು ಸಲವೂ ಏಳಲಾಗದಿದ್ದರೆ ಅದನ್ನೇ ಬರೆದಿಡಿ, ಒತ್ತಾಯ ಬೇಡ. ಸೆಕೆಂಡಿನ ಜೊತೆ ಏಳುವ ರೀತಿಯನ್ನೂ ನೋಡಿ: ಮೊಣಕಾಲು ಒಳಕ್ಕೆ ವಾಲುತ್ತವೆಯೇ, ಕೂರುವಾಗ ಕೊನೆಯ ಒಂದು ಗೇಣು ಧೊಪ್ಪನೆ ಬೀಳುತ್ತಾರೆಯೇ, ಏಳುವ ಮುನ್ನ ಉಸಿರು ಕಟ್ಟಿ ಹಿಡಿಯುತ್ತಾರೆಯೇ. ಧೊಪ್ಪನೆ ಕೂರುವವರ ತೊಡೆಗೆ ಮೈಭಾರ ತಡೆದು ಇಳಿಸುವ ಬಲವಿಲ್ಲ. ಮೆಟ್ಟಿಲು ಇಳಿಯುವಾಗ ಬೀಳುವ ಅಪಾಯ ಇವರಿಗೇ ಜಾಸ್ತಿ.

ಎರಡನೆಯದು ನಡಿಗೆ. ಹಾಲ್‌ನಿಂದ ಅಡುಗೆಮನೆಯ ಕಡೆಗೆ 4 ಮೀಟರ್ ಅಳೆದು ಟೇಪ್ ಅಂಟಿಸಿ, ಎಂದಿನ ನಡಿಗೆಯಲ್ಲಿ ಎಷ್ಟು ಸೆಕೆಂಡ್ ಎಂದು ನೋಡಿ. 5 ಸೆಕೆಂಡಿಗಿಂತ ಹೆಚ್ಚಾದರೆ ವೇಗ ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆ, ಅಂದರೆ ಗಮನ ಕೊಡಬೇಕಾದ ಮಟ್ಟ. ಎರಡು ಅಂಕಿಯನ್ನೂ ತಾರೀಕಿನ ಜೊತೆ ಕ್ಯಾಲೆಂಡರಿನಲ್ಲೇ ಬರೆಯಿರಿ.

ವ್ಯಾಯಾಮ ಶುರುಮಾಡುವ ಮೊದಲು ಡಾಕ್ಟರನ್ನು ಎರಡು ವಿಷಯ ಕೇಳಲೇಬೇಕು: ಹೃದಯದ ಸ್ಥಿತಿ ಹೇಗಿದೆ, ಮತ್ತು ತೂಕ ಯಾಕೆ ಇಳಿದಿದೆ. ವರ್ಷದಲ್ಲಿ 4–5 ಕಿಲೋ ತಾನಾಗಿ ಇಳಿದಿದ್ದರೆ ಅದನ್ನು ಸಿಒಪಿಡಿಯ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಎದೆಯ ಎಕ್ಸ್‌ರೇ, ಕಫದಲ್ಲಿ ಟಿಬಿ ಪರೀಕ್ಷೆ, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಆಗಲೇಬೇಕು. ಮುಂಬಯಿಯಲ್ಲಿ ಹಳೆಯ ಟಿಬಿಯ ಕಲೆ ಇರುವ ಶ್ವಾಸಕೋಶ ಅಪರೂಪವಲ್ಲ. ಶ್ವಾಸಕೋಶದ ಕ್ಯಾನ್ಸರ್ ಕೂಡ ಹೀಗೇ ಸದ್ದಿಲ್ಲದೆ ತೂಕ ಇಳಿಸುತ್ತದೆ.

ಇನ್ನು ಪಂಪು, ಅಂದರೆ ಇನ್‌ಹೇಲರ್. ನಿಶ್ಶಕ್ತರಾದವರ ಮನೆಗಳಲ್ಲಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಕ್ಯಾಪ್ಸೂಲಿನ ಪುಡಿಯನ್ನು ಜೋರಾಗಿ, ಒಂದೇ ಎಳೆತಕ್ಕೆ ಎಳೆದುಕೊಳ್ಳಬೇಕು. ಅಷ್ಟು ಸೆಳೆತ ಅವರಲ್ಲಿ ಉಳಿದಿರುವುದಿಲ್ಲ. ಎಳೆದ ಮೇಲೆ ಕ್ಯಾಪ್ಸೂಲ್ ಬಿಚ್ಚಿ ನೋಡಿ, ಎರಡು ಮೂರು ಸಲ ಎಳೆದರೂ ಪುಡಿ ಉಳಿಯುತ್ತಿದ್ದರೆ ಔಷಧ ಒಳಗೆ ಹೋಗುತ್ತಿಲ್ಲ. ಗ್ಯಾಸಿನ ಪಂಪು ಮತ್ತು ಸ್ಪೇಸರ್‌ಗೆ (ಪಂಪಿಗೂ ಬಾಯಿಗೂ ನಡುವೆ ಇಡುವ ಕೊಳವೆಯಂಥ ಡಬ್ಬಿ) ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಅದರಲ್ಲೂ ಕ್ರಮವಿದೆ: ಅಲುಗಾಡಿಸಿ, ಒಂದು ಸಲಕ್ಕೆ ಒಂದೇ ಒತ್ತು, ನಿಧಾನವಾಗಿ ಉಸಿರೆಳೆದು ಸಾಧ್ಯವಾದರೆ 10 ಸೆಕೆಂಡ್ ಹಿಡಿಯುವುದು, ಹಿಡಿಯಲಾಗದಿದ್ದರೆ ಸ್ಪೇಸರಿನಲ್ಲೇ ಐದು ಮಾಮೂಲಿ ಉಸಿರು. ಅರ್ಧದಿಂದ ಒಂದು ನಿಮಿಷ ಬಿಟ್ಟು ಎರಡನೇ ಒತ್ತು. ಬೆರಳಲ್ಲಿ ಒತ್ತಲು ಶಕ್ತಿ ಇಲ್ಲದಿದ್ದರೆ ನೀವು ಒತ್ತಿ. ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಒಳಗೋಡೆಗೆ ಸ್ಥಾಯಿವಿದ್ಯುತ್ ಬಂದು ಔಷಧ ಅಲ್ಲೇ ಅಂಟಿಕೊಳ್ಳುತ್ತದೆ. ಬೇಗ ಕೆಲಸ ಮಾಡುವ ಪಂಪು ಕೊಟ್ಟಿದ್ದರೆ ವ್ಯಾಯಾಮಕ್ಕೆ 15–20 ನಿಮಿಷ ಮೊದಲು ತೆಗೆದುಕೊಳ್ಳಲಿ.

ವ್ಯಾಯಾಮದಲ್ಲಿ ಮುಖ್ಯವಾದದ್ದು ಕುರ್ಚಿಯಿಂದ ಏಳುವುದೇ. ಈಗ ಏಳಲಾಗದಿದ್ದರೆ ಮಡಿಸಿದ ಹೊದಿಕೆ ಹಾಕಿ ಆಸನವನ್ನು 52–55 ಸೆಂ.ಮೀ.ವರೆಗೆ ಎತ್ತರಿಸಿ. ಮುಂದಕ್ಕೆ ಸರಿದು ಕೂತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಿಟ್ಟು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ, ಸೀಟಿ ಹೊಡೆಯುವಂತೆ ತುಟಿ ಮಾಡಿ ಉಸಿರು ಬಿಡುತ್ತಾ ಏಳಬೇಕು. ಕೂರುವಾಗ ಮೂರು ಎಣಿಸುತ್ತಾ ನಿಧಾನಕ್ಕೆ. ಐದು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಐದು. ವಾರದಲ್ಲಿ ಮೂರು ದಿನ, ನಡುವೆ ಒಂದು ದಿನ ಬಿಡುವು. ಸಲೀಸಾದ ಮೇಲೆ ಮೂರು ಸರದಿ, ತಲಾ ಹತ್ತು. ಆಮೇಲೆ ಹೊದಿಕೆಯ ಮಡಿಕೆ ಒಂದೊಂದೇ ತೆಗೆಯಿರಿ. ಇದರ ಜೊತೆ ಕೂತಲ್ಲೇ ಮೊಣಕಾಲು ನೇರ ಮಾಡುವುದು, ಮೊದಲು ಬರಿಗಾಲಲ್ಲಿ, ಆಮೇಲೆ ಅರ್ಧ ಕಿಲೋ ಅಕ್ಕಿ ತುಂಬಿದ ಕಾಲುಚೀಲವನ್ನು ಕಣಕಾಲಿಗೆ ಕಟ್ಟಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ. ಅಲ್ಲೇ ಒಂದು ಪಾದದ ಮುಂದೆ ಇನ್ನೊಂದು ಇಟ್ಟು 10 ಸೆಕೆಂಡ್ ನಿಲ್ಲುವುದು, ನೀವು ಪಕ್ಕದಲ್ಲಿರಬೇಕು. ತಲೆ ಬಾಚುವಾಗ, ಅಂಗಿ ಹಾಕುವಾಗ ದಮ್ಮು ಬರುವವರಿಗೆ ತೋಳಿನ ವ್ಯಾಯಾಮವೂ ಬೇಕು, ಅರ್ಧ ಲೀಟರ್ ನೀರಿನ ಬಾಟಲಿ ಸಾಕು.

ನಡಿಗೆಯನ್ನು ತುಂಡು ಮಾಡಿ: ಒಂದೆರಡು ನಿಮಿಷ ನಡಿಗೆ, ಒಂದು ನಿಮಿಷ ವಿರಾಮ, ನಡೆದ ಒಟ್ಟು ಸಮಯ ಮೊದಲ ವಾರ 6–8 ನಿಮಿಷ, ಮುಂದೆ 20ರ ತನಕ. ದಮ್ಮಿಗೆ ಸೊನ್ನೆಯಿಂದ ಹತ್ತರ ಅಂಕ ಕೇಳಿ. 3–4 ಇರಬೇಕು, ಅಂದರೆ ಸಣ್ಣ ವಾಕ್ಯ ಹೇಳಲಾಗಬೇಕು. ದಮ್ಮು ಹತ್ತುವುದೇ ಅಪಾಯ ಎಂದು ಮನೆಯವರು ಹೆದರಬಾರದು. ಸ್ವಲ್ಪವೂ ಹತ್ತದಿದ್ದರೆ ಆ ವ್ಯಾಯಾಮ ಸಾಲದು. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಆಮ್ಲಜನಕ ಶೇ. 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ. ಬೆರಳು ತಣ್ಣಗಿದ್ದರೆ ಅಂಕಿ ತಪ್ಪು ಬರುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ಅರ್ಧ ನಿಮಿಷ ಕಾಯಿರಿ. ಎದೆನೋವು ಅಥವಾ ತಲೆಸುತ್ತು ಬಂದರೆ ಅಂದಿಗೆ ಮುಗಿಯಿತು, ಡಾಕ್ಟರಿಗೆ ತಿಳಿಸಿ. ವಾಕರ್ ಬೇಕಾದರೆ ಚಕ್ರವಿರುವುದನ್ನು ತನ್ನಿ. ಪ್ರತಿ ಹೆಜ್ಜೆಗೂ ಎತ್ತಿಡುವ ವಾಕರಿನಲ್ಲಿ ದಮ್ಮು ಹೆಚ್ಚುತ್ತದೆ. ಚಕ್ರದ್ದಕ್ಕೆ ಮುಂಗೈ ಊರಿ ಬಾಗಿದರೆ ಉಸಿರೂ ಸುಲಭ.

ಮೆಡಿಕಲ್ ಅಂಗಡಿಯ ಮೂರು ಚೆಂಡಿನ ಸಾಧನದಲ್ಲಿ ದಿನವಿಡೀ ಉಸಿರು ಎಳೆಸುತ್ತಾ ಕೂರಿಸುವವರು ಬಹಳ. ಅದಕ್ಕೆ ಕೊಡುವ ಸಮಯವನ್ನು ಕುರ್ಚಿಗೆ ಕೊಡಿ. ಚೆಂಡು ಎತ್ತಿದ್ದರಿಂದ ತೊಡೆಗೆ ಬಲ ಬರುವುದಿಲ್ಲ.

ಸ್ನಾನದ ಆಯಾಸಕ್ಕೆ ಬೇರೆ ಉಪಾಯ. ಎತ್ತರದ ಸ್ಟೂಲ್ ಮೇಲೆ ಕೂತು ಸ್ನಾನ, ಬಾಗಿಲು ಸ್ವಲ್ಪ ತೆರೆದು ಹಬೆ ಹೊರಹೋಗಲಿ, ನೀರು ಉಗುರುಬೆಚ್ಚಗೆ. ಮೈ ಒರೆಸುವ ಬದಲು ದೊಡ್ಡ ಟವೆಲ್ ಹೊದ್ದು ಕೂತರೆ ತಾನೇ ಆರುತ್ತದೆ. ಕುಕ್ಕರಗಾಲಿನ ಪಾಯಖಾನೆಯಾದರೆ ಕಮೋಡ್ ಕುರ್ಚಿ, ಗೋಡೆಗೆ ಹಿಡಿಕೆ. ಮೆಟ್ಟಿಲಲ್ಲಿ ಉಸಿರು ಬಿಡುತ್ತಾ ಎರಡು ಹತ್ತುವುದು, ನಿಂತು ಉಸಿರೆಳೆಯುವುದು, ಮತ್ತೆ ಎರಡು. ಸೊಸೈಟಿಯವರನ್ನು ಕೇಳಿ ಪ್ರತಿ ತಿರುವಿನಲ್ಲೂ ಒಂದು ಕುರ್ಚಿ ಇಡಿಸಿ, ಬೇರೆ ಹಿರಿಯರಿಗೂ ಅನುಕೂಲ. ಸೊಳ್ಳೆಬತ್ತಿ, ಧೂಪ ಮನೆಯಲ್ಲಿ ಬೇಡವೇ ಬೇಡ, ಸೊಳ್ಳೆಪರದೆ ಕಟ್ಟಿ.

ಊಟದ ಬಗ್ಗೆ ನೀವು ‘ಗಂಜಿ, ಉಪ್ಪಿನಕಾಯಿ ಮಾತ್ರ ಸೇರುತ್ತದೆ’ ಎಂದಿದ್ದೀರಿ. ವ್ಯಾಯಾಮ ಮಾಡಿಸಿ ಬರೀ ಗಂಜಿ ಕೊಟ್ಟರೆ ಸ್ನಾಯು ಕಟ್ಟಿಕೊಳ್ಳಲು ಏನೂ ಸಿಗುವುದಿಲ್ಲ. ಕಿಲೋಗೆ 1.2ರಿಂದ 1.5 ಗ್ರಾಂ ಲೆಕ್ಕದಲ್ಲಿ ಅವರಿಗೆ ದಿನಕ್ಕೆ ಸುಮಾರು 58–72 ಗ್ರಾಂ ಪ್ರೋಟೀನ್ ಬೇಕು. ಎರಡು ಮೊಟ್ಟೆಯಲ್ಲಿ 12, ಎರಡು ಲೋಟ ಹಾಲು ಅಥವಾ ಮೊಸರಿನಲ್ಲಿ 12–13, ಎರಡು ಬಟ್ಟಲು ಗಟ್ಟಿ ತೊವ್ವೆಯಲ್ಲಿ 12ರ ಆಸುಪಾಸು, ಹಿಡಿ ಕಡಲೆಕಾಯಿಯಲ್ಲಿ 7, 100 ಗ್ರಾಂ ಬಂಗುಡೆಯಲ್ಲಿ 18–20. ಮೀನು ತಿನ್ನದವರಿಗೆ 100 ಗ್ರಾಂ ಪನೀರ್ ಅಷ್ಟೇ ಕೊಡುತ್ತದೆ. ಗಂಜಿಯೇ ಬೇಕೆಂದರೆ ಹೆಸರುಬೇಳೆ ಸೇರಿಸಿ ಬೇಯಿಸಿ, ತುಪ್ಪ ಹಾಕಿ, ಕಡಲೆಕಾಯಿ ಪುಡಿ ಕಲಸಿ. ಹೊಟ್ಟೆ ಬಿರಿಯುವಷ್ಟು ಉಂಡರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೊತ್ತಿ ದಮ್ಮು ಬರುತ್ತದೆ, ಆದ್ದರಿಂದ ಐದಾರು ಸಣ್ಣ ಊಟ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಪ್ರಮಾಣವನ್ನು ಡಾಕ್ಟರೇ ಹೇಳಲಿ.

ಹಳೆಯ ಚೀಟಿ ತೋರಿಸಿ ಸ್ಟೀರಾಯ್ಡ್ ಮಾತ್ರೆ ತರುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ. ಕಾಯಿಲೆ ಉಲ್ಬಣಿಸಿದಾಗ ಸಾಮಾನ್ಯವಾಗಿ 5 ದಿನದ ಕೋರ್ಸ್ ಕೊಡುತ್ತಾರೆ. ಮೇಲಿಂದ ಮೇಲೆ ನುಂಗಿದರೆ ತೊಡೆಯ ಸ್ನಾಯುವೂ ಕರಗುತ್ತದೆ, ಮೂಳೆಯೂ ಟೊಳ್ಳಾಗುತ್ತದೆ. ಆದರೆ ದಿನವೂ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ಬಿಡಬೇಡಿ, ಡಾಕ್ಟರು ಹಂತ ಹಂತವಾಗಿ ಇಳಿಸಬೇಕು. ಮನೆಯಲ್ಲಿ ಆಕ್ಸಿಜನ್ ಮಷಿನ್ ಇದ್ದರೆ ಲೀಟರ್ ನೀವೇ ಏರಿಸಬೇಡಿ. ಆಕ್ಸಿಮೀಟರಿನಲ್ಲಿ 88–92 ಅವರಿಗೆ ಸಾಕು. ಅತಿಯಾದರೆ ಇಂಗಾಲದ ಡೈಆಕ್ಸೈಡ್ ಸೇರಿ ತಲೆನೋವು, ಮಂಪರು ಬರುತ್ತದೆ. ಕೂತಲ್ಲೇ 88ಕ್ಕಿಂತ ಕೆಳಗಿದ್ದು ಏರದಿದ್ದರೆ, ಪೂರ್ತಿ ವಾಕ್ಯ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಾತು ತಡವರಿಸಿದರೆ 108ಕ್ಕೆ ಫೋನ್ ಮಾಡಿ.

ವಾರಕ್ಕೆ ಮೂರು ದಿನ ಲೋಕಲ್ ರೈಲಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆತರುವುದು ಆಗದ ಮಾತು, ಪ್ರಯತ್ನಿಸಲೂ ಬೇಡಿ. ಒಂದು ಸಲ, ಗರ್ದಿ ಕಡಿಮೆ ಇರುವ ಮಧ್ಯಾಹ್ನ, ಸಯನ್ ಆಸ್ಪತ್ರೆಯ ಅಥವಾ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಕರೆತನ್ನಿ. ಆರು ನಿಮಿಷದ ನಡಿಗೆ ಪರೀಕ್ಷೆ ಕೇಳಿ, ಈ ಪಟ್ಟಿ ತೋರಿಸಿ ಅವರ ದೇಹಕ್ಕೆ ತಕ್ಕಂತೆ ತಿದ್ದಿಸಿಕೊಳ್ಳಿ. ಆಮೇಲೆ ಮನೆಯಲ್ಲೇ 8–12 ವಾರ. ನಡುವೆ ಜ್ವರ, ಕಫ ಬಂದು ನಿಂತರೆ ಚೇತರಿಸಿದ ಮೇಲೆ ಅರ್ಧ ಪ್ರಮಾಣದಿಂದ ಮತ್ತೆ ಶುರು. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಿದ್ದರೂ ಅಷ್ಟೇ, ಮನೆಗೆ ಬಂದ ನಾಲ್ಕು ವಾರದೊಳಗೆ. ಸ್ಪೈರೊಮೆಟ್ರಿ ಆಗಲೂ ಈಗಿನಷ್ಟೇ ಬರಬಹುದು, ಅದನ್ನು ನೋಡಿ ಎದೆಗುಂದಬೇಡಿ. ಕ್ಯಾಲೆಂಡರಿನಲ್ಲಿ ಬರೆದ ಕುರ್ಚಿಯ ಸೆಕೆಂಡ್ ನೋಡಿ: ಐದು ಸಲ ಏಳಲು ಬೇಕಾದ ಸಮಯ 1.7 ಸೆಕೆಂಡಿನಷ್ಟು ಇಳಿದರೂ ಅದು ಸಿಒಪಿಡಿ ರೋಗಿಗೆ ಅನುಭವಕ್ಕೆ ಬರುವಷ್ಟು ಸುಧಾರಣೆ.

ಮತ್ತೆ, ನಾಳೆಯಿಂದ ಪೇಪರ್ ಮತ್ತು ನೀರಿನ ಲೋಟವನ್ನು ಹಾಲ್‌ನ ಮೇಜಿನ ಮೇಲಿಡಿ. ಅಲ್ಲಿಗೆ ಅವರೇ ಎದ್ದು ಬರಲಿ, ನೀವು ಜೊತೆಯಲ್ಲಿ ನಡೆಯಿರಿ.