ಗೈಡ್‌ಗೆ ಪುರುಸೊತ್ತಿಲ್ಲ, ಸೀನಿಯರ್‌ಗಳನ್ನು ನಂಬಲಾ?

ಪ್ರಶ್ನೆ: ಡಾಕ್ಟ್ರೇ, ನಾನು ಫ್ಯಾಮಿಲಿ ಮೆಡಿಸಿನ್ ಡಿಎನ್‌ಬಿ (ಎಂಬಿಬಿಎಸ್ ನಂತರದ ಸ್ನಾತಕೋತ್ತರ ಕೋರ್ಸ್) ಮೊದಲ ವರ್ಷದಲ್ಲಿದ್ದೇನೆ. ಬಿಪಿ ಮಾತ್ರೆಯನ್ನು ಮಧ್ಯದಲ್ಲೇ ಬಿಡುವವರ ಬಗ್ಗೆ ಥೀಸಿಸ್ ಮಾಡುವ ಆಸೆ. ಥೀಸಿಸ್‌ಗೆ ದಾರಿ ತೋರಿಸುವ ಗೈಡ್ ಒಳ್ಳೆಯವರು, ಆದರೆ ಓಪಿಡಿ (ಹೊರರೋಗಿ ವಿಭಾಗ) ಮುಗಿಯುವ ಹೊತ್ತಿಗೆ ಅವರಿಗೂ ಸುಸ್ತು, ನನಗೂ ಸುಸ್ತು. ಸೀನಿಯರ್‌ಗಳು ಹೇಳಿಕೊಡ್ತೀವಿ ಅಂತಾರೆ. ಅವರೂ ಕಲಿಯುವವರೇ ಅಲ್ವಾ? ಆಮೇಲೆ ಜರ್ನಲ್‌ಗೆ ಕಳಿಸುವ ಪೇಪರ್‌ನಲ್ಲಿ ಅವರ ಹೆಸರು ಹಾಕಬೇಕಾ?
– ಹೆಸರು ಬೇಡ, ಮಂಡ್ಯ

ಉತ್ತರ: ನಂಬಿ, ಆದರೆ ಎಲ್ಲದಕ್ಕೂ ಅಲ್ಲ. ಹೋದ ವರ್ಷ ತಾನೇ, ಅಧ್ಯಯನಕ್ಕೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಿಂದ ಫೈಲ್ ವಾಪಸ್ ಬಂದು ಪರದಾಡಿದವರಿಗೆ ಎಲ್ಲಿ ಎಡವಿದೆವು ಅನ್ನುವುದು ಇನ್ನೂ ಹಸಿಯಾಗಿ ನೆನಪಿರುತ್ತದೆ. ನನ್ನಂಥ ಹಳಬರು ಮರೆತಿರುತ್ತೇವೆ.

ನನ್ನದೇ ಕಥೆ ಕೇಳಿ. ಮೈಸೂರಿನಲ್ಲಿ ಓದುವಾಗ ಸಕ್ಕರೆ ಕಾಯಿಲೆಯವರಿಗೆ ಒಂದು ಪ್ರೊಫಾರ್ಮಾ, ಅಂದರೆ ಪ್ರಶ್ನೆಗಳ ಹಾಳೆ, ಮಾಡಿದ್ದೆ. ಅದರಲ್ಲಿ 'ದೈಹಿಕ ಚಟುವಟಿಕೆಯಲ್ಲಿ ತೊಡಗುತ್ತೀರಾ?' ಅಂತ ಒಂದು ಪ್ರಶ್ನೆ. ಪಾಂಡವಪುರ ಕಡೆಯ ಅಜ್ಜಿಯೊಬ್ಬರು 'ಅದೆಲ್ಲ ಪ್ಯಾಟೆಯವ್ರಿಗೆ ಕಣಪ್ಪ' ಅಂದರು. ನಾನು 'ಇಲ್ಲ'ಕ್ಕೆ ಟಿಕ್ ಹಾಕಿದೆ. ಪಕ್ಕದಲ್ಲಿದ್ದ ಸೀನಿಯರ್ ಸುಮ್ನೆ ಕೇಳಿದ, 'ಬೆಳಿಗ್ಗೆ ಎದ್ದು ಏನೇನು ಮಾಡಿದ್ರಿ ಅಜ್ಜಿ?' ಎರಡು ಹಸುವಿಗೆ ಹುಲ್ಲು ಕೊಯ್ದು, ಹೊರೆ ಹೊತ್ತು ತಂದು, ಹಾಲು ಕರೆದು ಡೈರಿಗೆ ಹಾಕಿ ಬಸ್ ಹತ್ತಿದ್ದರಂತೆ! ಅಲ್ಲಿಯವರೆಗೆ ತುಂಬಿದ್ದ ಮೂವತ್ತು ಹಾಳೆ ದಂಡ. ಅವನೂ ಹಿಂದಿನ ವರ್ಷ ಇದೇ ತಪ್ಪು ಮಾಡಿದ್ದನಂತೆ, ಅದಕ್ಕೇ ಕೇಳಿದ್ದು. ನೀವು 'ಮಾತ್ರೆ ಬಿಟ್ಟಿದ್ದೀರಾ?' ಅಂತ ನೇರವಾಗಿ ಕೇಳಿದರೂ ಬೈಸಿಕೊಳ್ಳುವ ಭಯಕ್ಕೆ ಎಲ್ಲರೂ 'ಇಲ್ಲ' ಅಂತಾರೆ. ಪ್ರಶ್ನೆಗಳನ್ನು ಮೊದಲು ಸೀನಿಯರ್ ಎದುರಲ್ಲಿ, ನಿಮ್ಮ ಚಿಕ್ಕಮ್ಮನಿಗೋ ಅತ್ತೆಗೋ ಓದಿ ಹೇಳಿ ನೋಡಿ.

ವಾರಕ್ಕೆ ಒಂದು ಗಂಟೆ ಸಾಕು, ಆದರೆ ದಿನ ಗೊತ್ತು ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ವಿಷಯ. ಉದಾಹರಣೆಗೆ ಸ್ಯಾಂಪಲ್ ಸೈಜ್, ಅಂದರೆ ಎಷ್ಟು ಮಂದಿಯನ್ನು ಅಧ್ಯಯನಕ್ಕೆ ಸೇರಿಸಬೇಕು ಅನ್ನುವ ಲೆಕ್ಕ. ಹಿಂದಿನ ಅಧ್ಯಯನದಲ್ಲಿ ನೂರಕ್ಕೆ 20 ಮಂದಿ ಮಾತ್ರೆ ಬಿಟ್ಟಿದ್ದರು ಅಂತಿಟ್ಟುಕೊಳ್ಳಿ, ನೀವು 5 ಆಚೀಚೆ ಆದರೂ ಪರವಾಗಿಲ್ಲ ಅಂತೀರಿ. ಆಗ 4 × 20 × 80 ಮಾಡಿ, 5ರ ವರ್ಗ ಅಂದರೆ 25ರಿಂದ ಭಾಗಿಸಿದರೆ 256 ಬರುತ್ತದೆ. ಇದನ್ನು ಪೆನ್ನು ಹಿಡಿದು ನೀವೇ ಮಾಡಿ, ಆಮೇಲೆ ಸೀನಿಯರ್‌ಗೆ ವಿವರಿಸಿ. ತಡವರಿಸಿದ ಜಾಗವೇ ಇನ್ನೂ ಅರ್ಥವಾಗದ ಜಾಗ.

ಇನ್ನು ಎಲ್ಲಿ ನಂಬಬಾರದು? ಅವರ ಹಳೇ ಮಾಸ್ಟರ್ ಚಾರ್ಟ್ (ಎಲ್ಲ ರೋಗಿಗಳ ಮಾಹಿತಿ ತುಂಬುವ ಪಟ್ಟಿ) ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. ಒಂದು ಬ್ಯಾಚಿನ ತಪ್ಪು ಪಿತ್ರಾರ್ಜಿತ ಆಸ್ತಿಯ ಹಾಗೆ ಮುಂದಿನ ಬ್ಯಾಚಿಗೆ ಬರುತ್ತದೆ. ಲೆಕ್ಕವನ್ನು ಸ್ಟ್ಯಾಟಿಸ್ಟಿಶಿಯನ್ ನೋಡಲೇಬೇಕು, ಸಿನಾಪ್ಸಿಸ್ (ಥೀಸಿಸ್‌ನ ಯೋಜನೆ) ಗೈಡ್ ಓದಲೇಬೇಕು. ಸೀನಿಯರ್ ಜೊತೆ ತಿದ್ದಿಟ್ಟುಕೊಂಡು ಹೋದರೆ ಗೈಡ್ ಹತ್ತಿರ ಹದಿನೈದೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಚೆನ್ನೈ ಸಂಸ್ಥೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ತಾಣದಲ್ಲಿ ನಡೆಸುವ ಸಂಶೋಧನಾ ಕೋರ್ಸ್ ಇದೆಯಲ್ಲ, ಎಂಡಿ ಓದುವವರು ಮಾಡುವುದು, ಅದನ್ನು ಇಬ್ಬರು ಮೂವರು ಒಟ್ಟಿಗೆ ಕೂತು ಕೇಳಿ.

ಹೆಸರಿನ ವಿಚಾರ. ಸುಮ್ನೆ ಭಾಷೆ ತಿದ್ದಿಕೊಟ್ಟವರು ಲೇಖಕರಾಗುವುದಿಲ್ಲ, ಅವರಿಗೆ ಕೃತಜ್ಞತೆ ಹೇಳಿದರೆ ಸಾಕು. ಅಧ್ಯಯನ ರೂಪಿಸುವುದರಲ್ಲೋ ಡೇಟಾ ಕೆಲಸದಲ್ಲೋ ನಿಜವಾಗಿ ಕೈ ಹಾಕಿ, ಬರವಣಿಗೆಯಲ್ಲೂ ಸೇರಿ, ಕೊನೆಯ ಪ್ರತಿ ಒಪ್ಪಿ, ಅದಕ್ಕೆ ಹೊಣೆಯನ್ನೂ ಹೊತ್ತವರ ಹೆಸರು ಬರಬೇಕು. ಇದನ್ನು ಮೊದಲ ರೋಗಿಯನ್ನು ಕಾಣುವ ಮೊದಲೇ ಮಾತಾಡಿ, ವಾಟ್ಸಾಪ್‌ನಲ್ಲಾದರೂ ಬರೆದಿಟ್ಟುಕೊಳ್ಳಿ. ಪೇಪರ್ ಬಂದ ಮೇಲೆ ಮಾತು ಬಿಟ್ಟವರನ್ನು ನಾನು ನೋಡಿದ್ದೇನೆ, ಅದೂ ಒಂದೇ ರೂಮಿನಲ್ಲಿ ಇದ್ದವರು.